ಜಾಲಹಳ್ಳಿಯ ವಾಲ್ವು, ಅತ್ತಿಗುಪ್ಪೆಯ ಪಾಠಾಂತರ

ಅತ್ತಿಗುಪ್ಪೆಯ ಆ ಮನೆಯಲ್ಲಿ ಏನನ್ನಾದರೂ ಕೇಳಬೇಕೆಂದರೆ ಮೊದಲು ಕಾಯಬೇಕು. ಗುಂಡಿ ಒತ್ತಿದೊಡನೆ ಸದ್ದು ಹೊರಡುವುದಿಲ್ಲ. ಪುಸ್ತಕದ ಕಪಾಟಿನ ಮೇಲಿರುವ ಕಪ್ಪು ತಗಡಿನ ಪೆಟ್ಟಿಗೆಯೊಳಗೆ ನಾಲ್ಕು ಗಾಜಿನ ವಾಲ್ವುಗಳು ಮೆಲ್ಲನೆ ಕೆಂಪಗಾಗುತ್ತವೆ. ಅರ್ಧ ನಿಮಿಷದ ಬಳಿಕ ಸ್ಪೀಕರಿನಲ್ಲಿ ಉಸಿರಿನಂಥ ಸಣ್ಣ ಸದ್ದೊಂದು ಹುಟ್ಟುತ್ತದೆ. ಇನ್ನೂ ಒಂದು ಕಾಲು ಗಂಟೆ ಕಳೆದ ಮೇಲೆಯೇ ಮನೆಯ ಹಿರಿಯರು ಎಲ್‌ಪಿ ತಟ್ಟೆಯನ್ನೋ ಸ್ಪೂಲ್ ಟೇಪನ್ನೋ ಹಾಕುವುದು. 2015ರ ನವೆಂಬರಿನಿಂದ ಈ ಕಾಯುವಿಕೆಯ ನಡುವೆ ಕಾರ್ಡ್ ರಸ್ತೆಯ ಎತ್ತರದ ಹಳಿಯ ಮೇಲೆ ಒಂದೆರಡು ಮೆಟ್ರೊ ರೈಲುಗಳು ಹಾದುಹೋಗುತ್ತವೆ. ಅವರಿಗೆ ಅದರಿಂದ ಬೇಸರವಿಲ್ಲ. ನಲವತ್ತು ವರ್ಷ ಓಲೆಗರಿಗಳ ಮುಂದೆ ಕುಳಿತವರಿಗೆ ಕಾಯುವುದು ಹೊಸತಲ್ಲ.

ಅವರು ಕನ್ನಡದ ಅಧ್ಯಾಪಕರಾಗಿದ್ದವರು, ಡಿ. ಎಲ್. ನರಸಿಂಹಾಚಾರ್ಯರು ಕಟ್ಟಿಕೊಟ್ಟ ಗ್ರಂಥಸಂಪಾದನೆಯ ಶಿಸ್ತಿನಲ್ಲಿ ಬೆಳೆದ ಪೀಳಿಗೆಯವರು. ಪ್ರತಿಕಾರ ಸೇರಿಸಿದ್ದನ್ನು ಕಳೆದು ಕವಿ ಬರೆದುದರ ಸಮೀಪಕ್ಕೆ ಹೋಗುವುದೇ ಅವರ ಕಸುಬು. ಹಾಗಿದ್ದೂ, ಸೇರಿಸುವುದಕ್ಕೇ ಹೆಸರಾದ ಯಂತ್ರವೊಂದನ್ನು ಅವರು ಮನೆಯಲ್ಲಿಟ್ಟುಕೊಂಡಿದ್ದಾರೆ. ಗೆಳೆಯರು ಆಗಾಗ ಇದನ್ನು ಎತ್ತಿ ಆಡಿದ್ದುಂಟು.

ಪ್ರೀಆಂಪ್ಲಿಫೈಯರಿನ ಕೆಲಸ ಸರಳವಾದುದು. ತಟ್ಟೆಯ ಮೇಲೆ ಚಲಿಸುವ ಸೂಜಿಯಿಂದ ಹುಟ್ಟುವುದು ಕೆಲವೇ ಮಿಲಿವೋಲ್ಟಿನ ವಿದ್ಯುತ್ತು. ಅದನ್ನು ಮುಂದಿನ ಆಂಪ್ಲಿಫೈಯರಿಗೆ ಕೇಳಿಸುವಷ್ಟು ದೊಡ್ಡದಾಗಿಸಬೇಕು. ಇಂದು ಉಗುರಿನಷ್ಟಗಲದ ಚಿಪ್ಪೊಂದು ಇದನ್ನು ಮಾಡಬಲ್ಲದು. ಅಳತೆಯ ದೃಷ್ಟಿಯಿಂದ ಹೆಚ್ಚು ನಿಷ್ಠೆಯಿಂದಲೇ ಮಾಡೀತು. ವಾಲ್ವಿನ ದಾರಿ ಬೇರೆ. ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿ ಕಾದ ಕ್ಯಾಥೋಡಿನಿಂದ ಇಲೆಕ್ಟ್ರಾನುಗಳು ಹೊರಟು ಆನೋಡಿನತ್ತ ಹರಿಯುತ್ತವೆ. ನಡುವೆ ತಂತಿಯ ಜಾಲರಿಯೊಂದಿದೆ. ಅದಕ್ಕೆ ಕೊಟ್ಟ ಕ್ಷೀಣವಾದ ಸಂಜ್ಞೆ ಆ ದೊಡ್ಡ ಹರಿವನ್ನು, ತೂಬು ನೀರನ್ನು ಹಿಡಿದಂತೆ, ಏರಿಸಿ ಇಳಿಸುತ್ತದೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ಧ್ರುವಗಳ ವಾಲ್ವನ್ನು ಮಾಡಿದ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮೂರನೆಯದನ್ನು ಸೇರಿಸಿದ. ರೇಡಿಯೊ, ಚಲನಚಿತ್ರದ ಮಾತು, ದೂರದ ಟೆಲಿಫೋನು ಇವೆಲ್ಲ ಆ ಮೂರನೆಯ ಧ್ರುವದಿಂದ ಬೆಳೆದವು.

ಈ ಪೆಟ್ಟಿಗೆಯಲ್ಲಿರುವ ವಾಲ್ವಿನ ಹೆಸರು ಇಸಿಸಿ83. ಶಾಸನದ ಸಂಕೇತಗಳನ್ನು ಓದಿ ಅಭ್ಯಾಸವಿರುವವರಿಗೆ ಈ ಹೆಸರೂ ಓದಿಸಿಕೊಳ್ಳುತ್ತದೆ. ‘ಇ’ ಎಂದರೆ 6.3 ವೋಲ್ಟಿನ ಕಾಯಿಸುವ ತಂತಿ. ಎರಡು ‘ಸಿ’ ಎಂದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡುಗಳು. 8 ಎಂಬುದು ಒಂಬತ್ತು ಕಾಲುಗಳ ಪೀಠದ ಗುರುತು. ಇದರ ವರ್ಧನಾಂಕ 100. ಗಾಜಿನ ಮೇಲೆ ಮಾಸಿದ ಬಿಳಿಯ ಅಕ್ಷರಗಳಲ್ಲಿ ‘ಬಿಇಎಲ್’ ಎಂದಿದೆ.

ಅಂದರೆ ಇದು ಹೊರನಾಡಿನ ವಸ್ತುವಲ್ಲ. ಅತ್ತಿಗುಪ್ಪೆಯ ಉತ್ತರಕ್ಕೆ, ಇದೇ ಊರಿನ ಜಾಲಹಳ್ಳಿಯಲ್ಲಿ ತಯಾರಾದದ್ದು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳನ್ನು ಮಾಡತೊಡಗಿತು. ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನೂ ಆರಂಭಿಸಿತು. ವಾಲ್ವನ್ನು ಹೊರದೂಡಲಿದ್ದ ವಸ್ತು ಅದೇ ಅಂಗಳದಲ್ಲಿ ಒಂದು ವರ್ಷದ ಅಂತರದಲ್ಲಿ ಹುಟ್ಟಿತೆಂಬುದು ಬೆಂಗಳೂರಿನ ಇತಿಹಾಸಕಾರರು ಗಮನಿಸಬೇಕಾದ ಸಂಗತಿ. ಕನ್ನಡದ ಕಿವಿಗೂ ವಾಲ್ವಿಗೂ ನಂಟು ಇದಕ್ಕಿಂತ ಹಳೆಯದು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವ್ಯಾಟಿನ ಪ್ರಸಾರಯಂತ್ರದಲ್ಲಿ ‘ಆಕಾಶವಾಣಿ’ಯನ್ನು ನಡೆಸತೊಡಗಿದಾಗ ಆ ಮಾತು ಹೊರಟದ್ದೂ ವಾಲ್ವಿನಿಂದ, ತಲುಪಿದ್ದೂ ವಾಲ್ವಿನ ರೇಡಿಯೊಗಳಿಗೆ. ನಾಲ್ಕು ದಶಕಗಳ ಮಟ್ಟಿಗಾದರೂ ‘ರೇಡಿಯೊದ ಕಂಠ’ ಎಂದು ಕನ್ನಡಿಗರು ಮೆಚ್ಚಿದ್ದರಲ್ಲಿ ಗಾಜಿನ ಪಾಲೆಷ್ಟು, ಗಂಟಲಿನ ಪಾಲೆಷ್ಟು ಎಂದು ಯಾರೂ ಕೇಳಿಕೊಂಡಂತಿಲ್ಲ.

ಪೆಟ್ಟಿಗೆಯನ್ನು 1995ರಲ್ಲಿ ಕಟ್ಟಿಕೊಟ್ಟವರು ಪಕ್ಕದ ಬೀದಿಯ ಹಿರಿಯರೊಬ್ಬರು. ಜಾಲಹಳ್ಳಿಯಲ್ಲಿ ದುಡಿದು ನಿವೃತ್ತರಾದವರು. ಟ್ರಾನ್ಸ್‌ಫಾರ್ಮರು, ಕೆಪಾಸಿಟರುಗಳು ಎಸ್. ಪಿ. ರಸ್ತೆಯಿಂದ ಬಂದವು. ಮುಚ್ಚಳ ಮುಚ್ಚುವ ಮೊದಲು ಅವರು ಒಂದೇ ಎಚ್ಚರಿಕೆ ಕೊಟ್ಟರು: ಒಳಗೆ 250 ವೋಲ್ಟಿದೆ, ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ, ಕೈ ಹಾಕಬೇಡಿ.

ಇಂಥ ಯಂತ್ರದೊಡನೆ ಬಾಳುವುದು ವಯಸ್ಸಾದ ಬಂಧುವನ್ನು ಮನೆಯಲ್ಲಿಟ್ಟುಕೊಂಡಂತೆ. ಬೇಸಿಗೆಯಲ್ಲಿ ವೋಲ್ಟೇಜ್ ಕುಸಿದರೆ ಅದರ ದನಿ ಸೊರಗುತ್ತದೆ. ಅದಕ್ಕಾಗಿ ಸ್ಟೆಬಿಲೈಸರ್ ಬಂತು. ಮೇಲಿನ ತಗಡು ಬೆಚ್ಚಗಿರುವುದರಿಂದ ಚಳಿಗಾಲದಲ್ಲಿ ಹಲ್ಲಿ ಬಂದು ಮಲಗುತ್ತದೆ. ಬಾಗಿಲು ಬಡಿದರೆ ಗಾಜಿನೊಳಗಣ ಜಾಲರಿ ನಡುಗಿ ಸ್ಪೀಕರಿನಲ್ಲಿ ‘ಟಣ್’ ಎನ್ನುತ್ತದೆ. ಒಂದು ಮಳೆಗಾಲವಿಡೀ ಗುಂಯ್‌ಗುಡುವ ಸದ್ದಿನ ಮೂಲ ಹುಡುಕಿ ಸೋತು, ಕೊನೆಗೆ ಟರ್ನ್‌ಟೇಬಲ್ಲಿನ ಅರ್ಥ್ ತಂತಿ ಸಡಿಲವಾಗಿದ್ದುದು ಕಂಡಿತು.

ಇಷ್ಟೆಲ್ಲ ಸಹಿಸಿಕೊಂಡದ್ದು ಒಂದು ಸ್ಪೂಲ್ ಟೇಪಿಗಾಗಿ. ಅವರ ಪತ್ನಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವರು. ಗಮಕವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದವರು. 1981ರ ಒಂದು ಮಧ್ಯಾಹ್ನ ಕುಮಾರವ್ಯಾಸನ ಉದ್ಯೋಗಪರ್ವದಿಂದ ಕೃಷ್ಣ ಕರ್ಣರ ಭೇಟಿಯ ಪ್ರಸಂಗವನ್ನು ಅವರು ಓದಿದ್ದನ್ನು ಮನೆಯಲ್ಲೇ ಮುದ್ರಿಸಿಕೊಳ್ಳಲಾಯಿತು. ಏಕವಾಹಿನಿಯ ಮುದ್ರಣ, ನಲವತ್ತು ನಿಮಿಷಕ್ಕೂ ಸ್ವಲ್ಪ ಹೆಚ್ಚು. ಆಕೆ ಅದನ್ನು ಎಂದೂ ಒಪ್ಪಿರಲಿಲ್ಲ. ‘ಇದ್ಯಾರೋ ತೆಳು ದನಿಯವಳು, ನಾನಲ್ಲ’ ಎನ್ನುತ್ತಿದ್ದರು. ಎಲ್ಲರೂ ಹಾಗೆಯೇ ಅನ್ನುತ್ತಾರೆ. ನಮ್ಮ ದನಿ ನಮಗೆ ಗಾಳಿಯಿಂದಷ್ಟೇ ಕೇಳಿಸುವುದಿಲ್ಲ. ತಲೆಯ ಮೂಳೆಗಳ ಮೂಲಕವೂ ಬರುತ್ತದೆ, ಆ ದಾರಿಯಲ್ಲಿ ತಗ್ಗಿನ ಸ್ವರಗಳು ತುಂಬಿಕೊಳ್ಳುತ್ತವೆ. ಯಂತ್ರಕ್ಕೆ ಸಿಕ್ಕುವುದು ಲೋಕ ಕೇಳುವ ದನಿ ಮಾತ್ರ.

1995ರಲ್ಲಿ ಹೊಸ ಪೆಟ್ಟಿಗೆಯ ಮೂಲಕ ಆ ಟೇಪನ್ನು ಹಾಕಿದಾಗ ಆಕೆ ಅಡುಗೆಮನೆಯಿಂದ ಹೊರಬಂದು, ಒಂದು ಪದ್ಯ ಮುಗಿಯುವವರೆಗೆ ನಿಂತು ಕೇಳಿ, ‘ಇದು ನಾನೇ ಕಣ್ರೀ’ ಎಂದರು.

ಸಂಪಾದಕನಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಯಾವುದು? ಕವಿಯೇ ಎದ್ದು ಬಂದು ಪಾಠವನ್ನು ಒಪ್ಪಿದಂತಾಯಿತು. ವಾಲ್ವು ಮೂಲಕ್ಕೆ ತನ್ನದನ್ನು ಬೆರೆಸುತ್ತದೆಂಬುದು ಅವರಿಗೂ ಗೊತ್ತು. ಆದರೆ ಆ ಬೆರಕೆಯಿಂದಲೇ ಆಕೆ ತನ್ನನ್ನು ತಾನು ಗುರುತಿಸಿದ್ದರು. 2009ರಲ್ಲಿ ಆಕೆ ತೀರಿಕೊಂಡ ಮೇಲೆ ವಾರಕ್ಕೊಮ್ಮೆಯಾದರೂ ಆ ಟೇಪು ಸುತ್ತುತ್ತಿತ್ತು.

ತೊಂದರೆ ಬಂದದ್ದು 2022ರಲ್ಲಿ. ಎಡಗಡೆಯ ಸ್ಪೀಕರು ಚಟಚಟ ಎನ್ನತೊಡಗಿ, ಒಂದು ಸಂಜೆ ಸುಮ್ಮನಾಯಿತು. ಕಟ್ಟಿಕೊಟ್ಟವರು ಆಗ ಬದುಕಿರಲಿಲ್ಲ. ಬಿಚ್ಚಿ ನೋಡಿದ ರಿಪೇರಿಯ ಹುಡುಗ ವಾಲ್ವುಗಳನ್ನು ಅಳೆದು, ಸತ್ತದ್ದು ಒಂದಾದರೂ ಬಲಗಡೆಯದೂ ಬಹಳ ಸವೆದಿದೆ ಎಂದ. ರಷ್ಯದಲ್ಲಿ ಈಗಲೂ ತಯಾರಾಗುವ ಅದೇ ಬಗೆಯ ಜೋಡಿಯೊಂದನ್ನು ತರಿಸಿ ಹಾಕಿದ. ಅಂದು ಟೇಪು ಹಾಕಿದಾಗ, ಮೊದಲ ಪದ್ಯ ಮುಗಿದು ಎರಡನೆಯದಕ್ಕೆ ಹೊರಳುವಲ್ಲಿ, ಎಷ್ಟೋ ವರ್ಷಗಳಿಂದ ಕೇಳದಿದ್ದ ಸದ್ದೊಂದು ಕೇಳಿಸಿತು. ಗಾಜಿನ ಬಳೆಗಳ ಸದ್ದು. ಪುಟ ತಿರುವಿದಾಗಲೆಲ್ಲ ಅದು ಬರುತ್ತಿತ್ತು.

ಅವರು ಟೇಪನ್ನು ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಕೇಳಿದರು. ಬಳೆ ಇತ್ತು. ಆದರೆ ದನಿ ಬೇರೆಯಾಗಿತ್ತು, ತೆಳುವಾಗಿತ್ತು.

ಮುಂದಿನ ದಿನಗಳಲ್ಲಿ ಅವರು ಹಳೆಯ ವಿದ್ಯೆಯನ್ನೇ ಪ್ರಯೋಗಿಸಿದರು. ಹಳೆಯ ಪ್ರತಿಯೇ ಒಳ್ಳೆಯ ಪ್ರತಿ ಎಂದು ನಂಬಬಾರದೆಂಬುದು ಗ್ರಂಥಸಂಪಾದನೆಯ ಮೊದಲ ಪಾಠಗಳಲ್ಲೊಂದು. ವಾಲ್ವು ಸವೆದಂತೆ ಕ್ಯಾಥೋಡಿನಿಂದ ಹೊರಡುವ ಇಲೆಕ್ಟ್ರಾನುಗಳು ಕಡಿಮೆಯಾಗುತ್ತವೆ. ಒಳಗಿನ ರೋಧ ಏರುತ್ತದೆ. ಮುಂದಿನ ಕೇಬಲ್ಲು ಉದ್ದವಾಗಿದ್ದರೆ ಎತ್ತರದ ಸ್ವರಗಳು ಮೊದಲು ಸೋರಿಹೋಗುತ್ತವೆ. ಒಂದು ದಿನದಲ್ಲಲ್ಲ, ವರ್ಷಗಳಲ್ಲಿ, ಕೇಳುವವನಿಗೆ ತಿಳಿಯದಂತೆ. ಹಾಗಾದರೆ ಆಕೆ 1995ರಲ್ಲಿ ಒಪ್ಪಿದ ದನಿಯೂ ಅವರು 2021ರಲ್ಲಿ ಕೇಳುತ್ತಿದ್ದ ದನಿಯೂ ಒಂದೇ ಆಗಿರಲಾರದು. ಟೇಪಿನ ಕಾಂತಪದರವೂ ಹಳತಾಗಿದೆ. ವಯಸ್ಸಿನೊಡನೆ ಮನುಷ್ಯನ ಕಿವಿ ಕಳೆದುಕೊಳ್ಳುವುದೂ ಎತ್ತರದ ಸ್ವರಗಳನ್ನೇ. ಮೂಲವೆಂದು ಹಿಡಿದುಕೊಂಡಿದ್ದ ಪ್ರತಿಯೇ ದಿನದಿನಕ್ಕೆ ತಿದ್ದಿಕೊಳ್ಳುತ್ತ ಬಂದಿತ್ತು. ಬಳೆಯ ಸದ್ದನ್ನು ಅಳಿಸಿ, ದನಿಯನ್ನು ಇನ್ನಷ್ಟು ಬೆಚ್ಚಗೆ ಮಾಡಿ, ಓದುಗನಿಗೆ ಪ್ರಿಯವಾಗುವಂತೆ. ಜನಪ್ರಿಯ ಕಾವ್ಯಗಳ ಹಸ್ತಪ್ರತಿಗಳಲ್ಲಿ ಆಗುವುದೂ ಇದೇ. ಅಲ್ಲಿ ದೂರಲು ಒಬ್ಬ ಲಿಪಿಕಾರನಿರುತ್ತಾನೆ.

ಪುಣೆಯಲ್ಲಿರುವ ಮಗಳು ಫೋನಿನಲ್ಲಿ ಕೇಳಿದ್ದು ಸರಳ ಪ್ರಶ್ನೆ: ‘ಅಪ್ಪ, ಅದನ್ನ ಕಂಪ್ಯೂಟರಿಗೆ ಹಾಕಿ ಕಳಿಸ್ತೀನಿ ಅಂದಿದ್ರಲ್ಲ, ಯಾವಾಗ?’ ಯಾವುದನ್ನು ಕಳಿಸುವುದೆಂದು ಅವರು ಹೇಳಲಿಲ್ಲ.

ಕಪಾಟಿನ ಕೆಳಗಿನ ಖಾನೆಯಲ್ಲಿ ಹಳೆಯ ದಿನಪತ್ರಿಕೆಯ ತುಂಡಿನಲ್ಲಿ ಸುತ್ತಿದ ಸಣ್ಣ ರಟ್ಟಿನ ಪೆಟ್ಟಿಗೆಯೊಂದಿತ್ತು. 1995ರಲ್ಲಿ, ಮುಂದೆಂದಾದರೂ ಬೇಕಾದೀತೆಂದು, ಕಟ್ಟಿಕೊಟ್ಟವರು ಇಟ್ಟುಹೋಗಿದ್ದ ಬಿಇಎಲ್ ಇಸಿಸಿ83. ಅದೇ ತಂಡದ್ದು, ಒಮ್ಮೆಯೂ ಉರಿಯದ್ದು, ಒಂದೇ ಒಂದು. ಸ್ಟೀರಿಯೊಗೆ ಅದು ಸಾಲದು. ಏಕವಾಹಿನಿಯ ಟೇಪಿಗೆ ಸಾಕು. ಆದರೆ ಉರಿಸಿದಷ್ಟೂ ಅದು ಸವೆಯುತ್ತದೆ; ಕೇಳದೆ ಇಟ್ಟರೆ ಮಾತ್ರ ಅದು 1995ರದ್ದಾಗಿ ಉಳಿಯುತ್ತದೆ. ಸುಮಾರು ಮೂರು ತಿಂಗಳು ಅದು ಮೇಜಿನ ಮೇಲೆಯೇ ಇತ್ತು.

ದೀಪಾವಳಿಯ ರಜೆಗೆ ಮಗಳು ಬಂದಾಗ ಮೂರು ಪ್ರತಿಗಳನ್ನು ಮಾಡಲಾಯಿತು. ಬಲಗಡೆಯ ಸವೆದ ವಾಲ್ವಿನಿಂದ ಒಂದು, ರಷ್ಯದ್ದರಿಂದ ಇನ್ನೊಂದು, ಕೊನೆಗೆ ಹೊಸ ಹಳೆಯದರಿಂದ ಮೂರನೆಯದು. ಅದನ್ನು ಕಾಲು ಗಂಟೆ ಕಾಯಿಸಿ, ಟೇಪನ್ನು ಒಮ್ಮೆ ಮಾತ್ರ ಓಡಿಸಿ, ತಣ್ಣಗಾದ ಮೇಲೆ ಕಿತ್ತು, ಅದೇ ಕಾಗದದಲ್ಲಿ ಸುತ್ತಿ ಇಟ್ಟರು. ದಿನನಿತ್ಯಕ್ಕೆ ಈಗ ರಷ್ಯದ ಜೋಡಿಯೇ. ಮೂರನೆಯ ಪ್ರತಿಯ ದನಿ ಆಕೆ ಒಪ್ಪಿದ್ದೇ ಹೌದೋ ಎಂದು ಮಗಳು ಕೇಳಿದಳು. ಒಪ್ಪಬೇಕಾದವರು ಇಲ್ಲವಲ್ಲ ಎಂದು ಅವರು ಹೇಳಿ, ಕನ್ನಡಕ ಹಾಕಿಕೊಂಡು, ಟೇಪಿನ ಡಬ್ಬದ ಒಳಮುಚ್ಚಳದ ಮೇಲೆ ಪಾಠಾಂತರಗಳನ್ನು ದಾಖಲಿಸುವ ಕ್ರಮದಲ್ಲೇ ಬರೆದರು:

ಕ: ಬಳೆ ಇಲ್ಲ.
ಖ: ಬಳೆ ಸ್ಪಷ್ಟ, ದನಿ ತೆಳು.
ಗ: ಬಳೆ ಇದೆ, ಮೆಲ್ಲಗೆ. ಬಳಸಿದ್ದು 1 ಗಂಟೆ.