ಎರಡು ಹೆಜ್ಜೆ ಮೇಲೆ, ಮೂರು ಹೆಜ್ಜೆ ಕೆಳಗೆ

ಓಲ್ಡ್ ರಾಜಿಂದರ್ ನಗರದ ಪೀಜಿಗಳಲ್ಲಿ ಎಷ್ಟೋ ಕಡೆ ಗೋಡೆ ಎಂದರೆ ಪ್ಲೈವುಡ್. ಒಬ್ಬರ ಅಲಾರಂ ಮೂವರನ್ನು ಎಬ್ಬಿಸುತ್ತದೆ. ಪಕ್ಕದ ಕೋಣೆಯವರು ಮಗ್ಗಿಯಂತೆ ಉರು ಹೊಡೆಯುವ ಸಂವಿಧಾನದ ವಿಧಿಗಳು ನಿದ್ದೆಗಣ್ಣಿನಲ್ಲೂ ಕಿವಿಗೆ ಬೀಳುತ್ತವೆ. ಇಂಥ ಕಡೆ ಸಂಗೀತ ಕೇಳಬೇಕೆಂದರೆ ಹೆಡ್‌ಫೋನ್ ಬೇಕು. ಮೈಸೂರಿನಿಂದ ಯುಪಿಎಸ್‌ಸಿ ಪರೀಕ್ಷೆಗೆ ಓದಲು ಬಂದಿದ್ದ ಹುಡುಗಿಗೆ ಒಳ್ಳೆಯದೊಂದು ಹೆಡ್‌ಫೋನ್ ಸಿಕ್ಕಿದ್ದು 2023ರ ಡಿಸೆಂಬರಿನಲ್ಲಿ, ಬಳುವಳಿಯಾಗಿ.

ಕೊಟ್ಟವರು ಲೈಬ್ರರಿಯಲ್ಲಿ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಕೊಹಿಮಾದ ದೀದಿ. ತಿಂಗಳ ಬಾಡಿಗೆಗೆ ಒಂದು ಮೇಜು, ಒಂದು ದೀಪ, ಒಂದು ಪ್ಲಗ್ ಪಾಯಿಂಟ್ ಕೊಡುವ ಜಾಗಕ್ಕೆ ಅಲ್ಲಿ ಲೈಬ್ರರಿ ಎನ್ನುತ್ತಾರೆ. ದೀದಿಯ ಕೊನೆಯ ಅಟೆಂಪ್ಟ್ ಮುಗಿದಿತ್ತು, ಊರಿಗೆ ಹೊರಟಿದ್ದರು. ಶಾಲೆಯ ದಿನಗಳಲ್ಲಿ ವಯೋಲಾ ನುಡಿಸುತ್ತಿದ್ದವರು. ಹೊರಡುವ ದಿನ ಹೆಡ್‌ಫೋನನ್ನು ಅವಳ ಕೈಗಿಟ್ಟು, ಫೋನಿಗೆ ಒಂದು ಆಲ್ಬಮ್ ಕಳಿಸಿ, ‘ನಿನಗೆ ಇಷ್ಟ ಆಗಲ್ಲ. ಆದರೂ ಕೇಳು’ ಎಂದರು.

ಅದು ಬೇಲಾ ಬಾರ್ಟೋಕ್‌ನ ನಾಲ್ಕನೇ ಸ್ಟ್ರಿಂಗ್ ಕ್ವಾರ್ಟೆಟ್. ಎರಡು ವಯೊಲಿನ್, ಒಂದು ವಯೋಲಾ, ಒಂದು ಚೆಲ್ಲೊ. ಹಂಗೇರಿಯ ಈ ಸಂಯೋಜಕ 1928ರಲ್ಲಿ ಬರೆದದ್ದು. ಐದು ಭಾಗ, ಸುಮಾರು 23 ನಿಮಿಷ. ದೀದಿ ಹೇಳಿದಂತೆಯೇ ಆಯಿತು, ಅವಳಿಗೆ ಇಷ್ಟವಾಗಲಿಲ್ಲ. ಒಂದು ನಿಮಿಷದವರೆಗೂ ಇನ್ನೂ ಶ್ರುತಿ ಮಾಡಿಕೊಳ್ಳುತ್ತಿದ್ದಾರೆ ಎಂದೇ ಅವಳು ಅಂದುಕೊಂಡಿದ್ದಳು.

ವಯೊಲಿನ್ ಅವಳಿಗೆ ಹೊಸದಲ್ಲ. ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರ ತಿರುಮಕೂಡಲು ನರಸೀಪುರ ಅವಳ ಜಿಲ್ಲೆಯದ್ದೇ. ಆದರೆ ಕಛೇರಿಯ ಪಿಟೀಲು ಹಾಡುವವರ ಬೆನ್ನಿಗೆ ಇರುತ್ತದೆ. ಅವರು ಹೋದಲ್ಲಿ ಹೋಗುತ್ತದೆ, ಅವರು ನಿಂತಾಗ ತಾನು ನಾಲ್ಕು ಮಾತಾಡುತ್ತದೆ. ಇಲ್ಲಿ ಯಾರ ಬೆನ್ನಿಗೂ ಯಾರೂ ಇಲ್ಲ. ಆಧಾರ ಷಡ್ಜವಿಲ್ಲ, ತಂಬೂರಿಯಿಲ್ಲ. ನಾಲ್ವರೂ ಒಂದೇ ಸಲಕ್ಕೆ ಬಾಯಿ ಹಾಕುವ ಮನೆಜಗಳದಂತೆ ಕೇಳಿತು. ಅರ್ಧಕ್ಕೇ ನಿಲ್ಲಿಸಿದಳು.

ಮತ್ತೆ ಕೇಳಲು ಕಾರಣವಾದದ್ದು ಪಂಪ. ಅವಳ ಐಚ್ಛಿಕ ವಿಷಯ ಕನ್ನಡ ಸಾಹಿತ್ಯ. ಪಠ್ಯದಲ್ಲಿ ವಿಕ್ರಮಾರ್ಜುನ ವಿಜಯದ 12 ಮತ್ತು 13ನೇ ಆಶ್ವಾಸಗಳಿದ್ದವು. ಮೈಸೂರಿನ ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡಿದ ಮೇಷ್ಟ್ರದ್ದು ಒಂದೇ ಕಟ್ಟಳೆ: ಅರ್ಥ ಆಮೇಲೆ, ಮೊದಲು ಮೂರು ಸಲ ಗಟ್ಟಿಯಾಗಿ ಓದಿ. ಮೊದಲ ಓದಿನಲ್ಲಿ ಪದ್ಯ ಕಲ್ಲುಗುಡ್ಡೆ. ಎರಡನೆಯದರಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ತಿಳಿಯುತ್ತದೆ. ಮೂರನೆಯದರಲ್ಲಿ ಒಂದು ಪದ ತಾನಾಗಿ ಬಿಡಿಸಿಕೊಂಡು ಈಚೆ ಬರುತ್ತದೆ. ಆ ಒಂದು ಪದವನ್ನು ಹಿಡಿದುಕೊಂಡು ಉಳಿದದ್ದನ್ನು ಬಿಡಿಸಬೇಕು. ಬಾರ್ಟೋಕ್‌ಗೂ ಹೀಗೇ ಮಾಡಿದರೇನು ಎಂದು ಅವಳಿಗೆ ಒಂದು ರಾತ್ರಿ ಅನ್ನಿಸಿತು. ಇಡೀ ಕೃತಿ ಬೇಡ, ಮೊದಲ ಅರ್ಧ ನಿಮಿಷ ಮಾತ್ರ, ಹಿಂದಕ್ಕೆಳೆದು ಹಿಂದಕ್ಕೆಳೆದು ಕೇಳಿದಳು.

ಎಷ್ಟನೆಯ ಸಲವೋ, ಚೆಲ್ಲೊದಲ್ಲಿ ಆರು ಸ್ವರಗಳು ಬಿಡಿಸಿಕೊಂಡು ಬಂದವು. ಒತ್ತೊತ್ತಾಗಿ ಕೂತ ಸ್ವರಗಳು: ಎರಡು ಹೆಜ್ಜೆ ಮೇಲೆ, ಮೂರು ಹೆಜ್ಜೆ ಕೆಳಗೆ. ಅಷ್ಟೇ. ಒಮ್ಮೆ ಹಿಡಿದ ಮೇಲೆ ಅದು ಎಲ್ಲೆಲ್ಲೂ ಸಿಗತೊಡಗಿತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಲೆಕೆಳಗು ಮಾಡಿ ಹೇಳುತ್ತಾರೆ, ಮತ್ತೊಬ್ಬರು ಮುಗಿಸಲು ಬಿಡದೆ ನಡುವೆ ನುಗ್ಗುತ್ತಾರೆ. ಜಗಳವೇನೋ ಹೌದು, ಆದರೆ ಎಲ್ಲರೂ ಜಗಳವಾಡುತ್ತಿರುವುದು ಒಂದೇ ವಿಷಯಕ್ಕೆ. ಮೊದಲ ಭಾಗ ಮುಗಿಯುವುದು ಅದೇ ಆರು ಸ್ವರಗಳಲ್ಲಿ. ಐದನೆಯ ಭಾಗ, ಅಂದರೆ ಇಡೀ ಕೃತಿ, ಮುಗಿಯುವುದೂ ಅವುಗಳಲ್ಲೇ. ಇದನ್ನು ಯಾವ ನೋಟ್ಸೂ ನೋಡದೆ ತಾನೇ ಪತ್ತೆಹಚ್ಚಿದ ರಾತ್ರಿ ಅವಳು ಹಾಸಿಗೆಯ ಮೇಲೆ ಎದ್ದು ಕೂತಳು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಗಂಟೆ ಎರಡಾಗಿತ್ತು.

ಉಳಿದ ಕಟ್ಟಡ ನಿಧಾನಕ್ಕೆ ಕಂಡಿತು. ಒಂದನೆಯ ಭಾಗಕ್ಕೆ ಐದನೆಯದು ನಂಟು, ಎರಡನೆಯದಕ್ಕೆ ನಾಲ್ಕನೆಯದು, ನಡುವೆ ಮೂರನೆಯದು ಒಂಟಿ. ಎರಡನೆಯದರಲ್ಲಿ ತಂತಿಗಳ ಸದ್ದಡಗಿಸಿ ಪಿಸುಗುಟ್ಟುವ ಓಟ. ನಾಲ್ಕನೆಯದರಲ್ಲಿ ಯಾರೂ ಕಮಾನು ಮುಟ್ಟುವುದಿಲ್ಲ, ಎಲ್ಲ ಬೆರಳಿನ ಮೀಟು. ಕೆಲವು ಕಡೆ ತಂತಿ ಮರಕ್ಕೆ ಹೊಡೆದು ಚಟ್ ಎನ್ನುವಷ್ಟು ಜೋರಾಗಿ ಮೀಟಬೇಕೆಂದು ಬಾರ್ಟೋಕ್ ಬರೆದಿದ್ದಾನೆ. ಈ ಬಗೆಯ ಮೀಟಿಗೆ ಈಗ ಅವನದೇ ಹೆಸರು. ಸಂಗೀತಶಾಸ್ತ್ರದವರು ಈ ಐದು ಭಾಗಗಳ ಜೋಡಣೆಯನ್ನು ಕಮಾನಿನ ರೂಪ ಎನ್ನುತ್ತಾರೆ. ಕನ್ನಡದಲ್ಲಿ ಬಾಗಿಲ ಮೇಲಿನದ್ದೂ ಕಮಾನು, ಪಿಟೀಲಿನ ಮೇಲೆ ಎಳೆಯುವುದೂ ಕಮಾನು. ಈ ಸುಖ ಅವಳಿಗೆ ಪುಕ್ಕಟೆ ಸಿಕ್ಕಿತು.

ಆಮೇಲೆ ರೆಕಾರ್ಡಿಂಗ್‌ಗಳ ಹುಚ್ಚು ಹಿಡಿಯಿತು. ನ್ಯೂಯಾರ್ಕಿನ ಜೂಲಿಯಾರ್ಡ್ ಕ್ವಾರ್ಟೆಟ್ ಬಾರ್ಟೋಕ್‌ನ ಆರೂ ಕ್ವಾರ್ಟೆಟ್‌ಗಳನ್ನು ಮೂರು ಬಾರಿ ಧ್ವನಿಮುದ್ರಿಸಿದೆ. 1975ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಟಕಾಚ್ ಕ್ವಾರ್ಟೆಟ್‌ನವರ ಧ್ವನಿಮುದ್ರಣ 1990ರ ದಶಕದ್ದು. ಜೂಲಿಯಾರ್ಡ್‌ನವರ 1963ರದ್ದನ್ನು ಕೇಳಿದಾಗ ಅಂಚುಗಳೆಲ್ಲ ಕೈ ಕೊಯ್ಯುವಂತೆ ತೋರಿದವು. ಟಕಾಚ್‌ನವರಲ್ಲಿ ಅದೇ ಸ್ವರಗಳ ಒಳಗೆ ಎಲ್ಲೋ ಹಳ್ಳಿಯ ಕುಣಿತವಿತ್ತು. ಅದು ಅವಳ ಭ್ರಮೆಯೇನಲ್ಲ. ಬಾರ್ಟೋಕ್ 20ನೇ ಶತಮಾನದ ಮೊದಲ ದಶಕದಿಂದಲೇ ಫೋನೋಗ್ರಾಫ್ ಹೊತ್ತು ಹಳ್ಳಿ ಹಳ್ಳಿ ತಿರುಗಿ, ರೈತರ ಹಾಡುಗಳನ್ನು ಮೇಣದ ಸಿಲಿಂಡರುಗಳಿಗೆ ತುಂಬಿಕೊಂಡವನು. ಯಂತ್ರದಲ್ಲಿ ಮತ್ತೆ ಮತ್ತೆ ಕೇಳಿ ಕೇಳಿ ಬರೆದುಕೊಂಡವನು. ಪ್ಲೈವುಡ್ ಕೋಣೆಯಲ್ಲಿ ಅವಳು ಮಾಡುತ್ತಿದ್ದುದೂ ಅದನ್ನೇ.

ಮೈಸೂರಿನವಳಿಗೆ ಇದರಲ್ಲಿ ಇನ್ನೊಂದು ನಂಟೂ ಇತ್ತು, ಅದು ಅವಳಿಗೆ ತಿಳಿದದ್ದು ದೆಹಲಿಗೆ ಬಂದ ಮೇಲೆ. ಜಯಚಾಮರಾಜೇಂದ್ರ ಒಡೆಯರು ಕರ್ನಾಟಕ ಸಂಗೀತದ 94 ಕೃತಿಗಳನ್ನು ರಚಿಸಿದವರೆಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ಅವರೇ 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಗ್ರಾಮಫೋನ್ ತಟ್ಟೆಗಳಿಗೆ ತರಲು ಹಣ ಕೊಟ್ಟು ಮೆಟ್ನರ್ ಸೊಸೈಟಿ ಕಟ್ಟಿಸಿದರು. ಆಗ ಹೆಚ್ಚು ಜನ ಕೇಳದಿದ್ದ ಸಂಗೀತ ಅದು. ಮೆಟ್ನರ್ ತನ್ನ ಮೂರನೇ ಪಿಯಾನೊ ಕಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. ಆಧುನಿಕರನ್ನು ಕಂಡರಾಗದ ಮೆಟ್ನರ್‌ಗೆ ಬಾರ್ಟೋಕ್ ರುಚಿಸುತ್ತಿರಲಿಲ್ಲವೇನೋ. ಆದರೂ ಸಭಾಂಗಣ ಸಾವಿರಾರು ಮೈಲಿ ದೂರವಿದ್ದಾಗ ತಟ್ಟೆಯ ಮೂಲಕವೇ ಒಂದು ಸಂಗೀತವನ್ನು ಮನೆಯದಾಗಿಸಿಕೊಳ್ಳುವುದು ಮೈಸೂರಿಗೆ ಹೊಸದಾಗಿರಲಿಲ್ಲ.

2024ರ ಜುಲೈ 1ರಂದು ಪ್ರಿಲಿಮ್ಸ್ ಫಲಿತಾಂಶ ಬಂತು. ಅವಳು ಪಾಸಾಗಿದ್ದಳು. ಸೆಪ್ಟೆಂಬರಿನ ಮೇನ್ಸ್‌ಗೆ ಓದು ಬಿರುಸಾಯಿತು. ಜುಲೈ 27ರ ಶನಿವಾರ ಸಂಜೆ ಮಳೆ ಹೊಯ್ದು, ಅದೇ ಬಡಾವಣೆಯ ಒಂದು ಕೋಚಿಂಗ್ ಕೇಂದ್ರದ ನೆಲಮಾಳಿಗೆಯ ಲೈಬ್ರರಿಗೆ ನೀರು ನುಗ್ಗಿತು. ಮೂವರು ವಿದ್ಯಾರ್ಥಿಗಳು ಸತ್ತರು.

ಅವಳ ಲೈಬ್ರರಿ ಬೇರೆ ಗಲ್ಲಿಯಲ್ಲಿತ್ತು. ಅದೂ ನೆಲಮಾಳಿಗೆಯೇ. ಆ ಸಂಜೆ ತಲೆನೋವೆಂದು ಅವಳು ಕೋಣೆಯಲ್ಲೇ ಉಳಿದಿದ್ದಳು. ರಾತ್ರಿ ಅಮ್ಮನ ಫೋನ್ ಬಂತು. ‘ಎಲ್ಲಿದ್ದೀಯೇ?’ ‘ರೂಮಲ್ಲೇ ಇದ್ದೀನಮ್ಮ.’ ‘ಎಷ್ಟನೇ ಮಹಡಿ?’ ‘ಮೂರನೇದು.’ ಅಮ್ಮ ಅದನ್ನೇ ಮತ್ತೆ ಕೇಳಿದರು. ಅವಳು ಅದನ್ನೇ ಮತ್ತೆ ಹೇಳಿದಳು.

ಮುಂದಿನ ದಿನಗಳಲ್ಲಿ ವಿದ್ಯಾರ್ಥಿಗಳು ರಸ್ತೆಯಲ್ಲಿ ಧರಣಿ ಕೂತರು. ನಗರಪಾಲಿಕೆ ನೆಲಮಾಳಿಗೆಗಳಿಗೆ ಬೀಗ ಜಡಿಯಿತು. ಅವಳ ಲೈಬ್ರರಿಯೂ ಮುಚ್ಚಿತು. ಕೋಣೆಯಲ್ಲಿ ಕೂತು ಪಂಪನನ್ನು ತೆಗೆದರೆ 13ನೇ ಆಶ್ವಾಸ. ದುರ್ಯೋಧನ ವೈಶಂಪಾಯನ ಸರೋವರದ ನೀರಿನೊಳಗೆ ಅಡಗುವ ಭಾಗ. ಅದನ್ನು ಓದಲು ಅವಳಿಂದ ಆಗಲಿಲ್ಲ. ಹಾಡು ಹಾಕಿದರೆ ಹಾಡಿನಲ್ಲೂ ಮಾತು, ಪ್ರತಿ ಮಾತೂ ಎಲ್ಲಿಗೋ ಹೋಗಿ ತಗಲುತ್ತಿತ್ತು. ಟೀವಿ ಚಾನೆಲ್ಲಿನವರು ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ತಡೆದು ಹೇಗನ್ನಿಸುತ್ತಿದೆ ಎಂದು ಕೇಳುತ್ತಿದ್ದರು.

ಕೇಳಲು ಆದದ್ದು ಕ್ವಾರ್ಟೆಟ್ಟಿನ ಮೂರನೆಯ ಭಾಗ ಒಂದೇ. ಮೇಲಿನ ಮೂರು ವಾದ್ಯಗಳು ಸ್ವರಗಳನ್ನು ಒಂದರ ಮೇಲೊಂದು ಇಟ್ಟು ಅಲುಗಾಡದೆ ಹಿಡಿದಿರುತ್ತವೆ. ಮೊದಲು ಕಂಪನವೇ ಇಲ್ಲದೆ, ಒಣಗಿದ ಹಾಗೆ. ಬಳಿಕ ಅದೇ ಸ್ವರಗಳಿಗೆ ಸಣ್ಣ ನಡುಕ ಬರುತ್ತದೆ. ಅದರ ಕೆಳಗೆ ಚೆಲ್ಲೊ ಒಂಟಿಯಾಗಿ ಮಾತಾಡುತ್ತದೆ. ಅದು ಸಮಾಧಾನ ಹೇಳಲಿಲ್ಲ. ಸತ್ತವರ ಬಗ್ಗೆಯಾಗಲಿ, ಇವಳ ತಲೆನೋವಿನ ಬಗ್ಗೆಯಾಗಲಿ ಅದಕ್ಕೆ ಏನೂ ಹೇಳುವುದಿರಲಿಲ್ಲ. ಪಂಪನಲ್ಲಿ ಪದ ಬಿಡಿಸಿದರೆ ಕೊನೆಗೆ ಅರ್ಥ ಸಿಗುತ್ತದೆ. ಇಲ್ಲಿ ಎಲ್ಲ ಬಿಡಿಸಿದ ಮೇಲೂ ಉಳಿಯುವುದು ಸ್ವರವೇ. ಇಷ್ಟು ದಿನ ಅದೊಂದು ಕೊರತೆ ಎಂದುಕೊಂಡಿದ್ದಳು. ಆ ವಾರ, ಏನನ್ನೂ ಕೇಳದೆ, ಏನನ್ನೂ ವಿವರಿಸದೆ ಐದಾರು ನಿಮಿಷ ಜೊತೆಗಿದ್ದದ್ದು ಅದೊಂದೇ.

ಸೆಪ್ಟೆಂಬರಿನಲ್ಲಿ ಮೇನ್ಸ್ ಬರೆದಳು. ಡಿಸೆಂಬರಿನ ಪಟ್ಟಿಯಲ್ಲಿ ಅವಳ ನಂಬರ್ ಇರಲಿಲ್ಲ. ಪುಸ್ತಕಗಳನ್ನು ಕಿರಿಯಳೊಬ್ಬಳಿಗೆ ಕೊಟ್ಟು, ಹೆಡ್‌ಫೋನ್ ಮಾತ್ರ ಇಟ್ಟುಕೊಂಡು ಮೈಸೂರಿಗೆ ಮರಳಿದಳು. ಮನೆಯಲ್ಲಿ ಒಂದು ಬೆಳಿಗ್ಗೆ, ವರ್ಷದಲ್ಲಿ ಮೊದಲ ಸಲ ಹೆಡ್‌ಫೋನ್ ಇಲ್ಲದೆ, ಸ್ಪೀಕರಿನಲ್ಲಿ ನಾಲ್ಕನೇ ಕ್ವಾರ್ಟೆಟ್ ಹಾಕಿದಳು. ಅಮ್ಮನ ಜೊತೆ ಅವರೆಕಾಯಿ ಬಿಡಿಸುತ್ತಿದ್ದ ಅಪ್ಪ ತಲೆಯೆತ್ತಿದರು.

‘ಇದೇನೇ, ಇನ್ನೂ ಶ್ರುತಿ ಮಾಡ್ತಿದ್ದಾರಾ?’

ಅವಳಿಗೆ ನಗು ಬಂತು. ಹಿಂದಕ್ಕೆಳೆದು ಮೊದಲಿನಿಂದ ಹಾಕಿದಳು. ‘ಅರ್ಧ ನಿಮಿಷ ಕೇಳಿ ಅಪ್ಪ. ದಪ್ಪ ದನಿಯ ವಾದ್ಯ ಒಂದಿದೆ, ಅದನ್ನ ಮಾತ್ರ ಹಿಡ್ಕೊಳ್ಳಿ.’

ಅಪ್ಪ ಅವರೆಕಾಯಿ ಕೈಯಲ್ಲೇ ಹಿಡಿದು ಕೇಳಿದರು. ‘ಗೊತ್ತಾಗಲಿಲ್ಲ,’ ಎಂದರು. ‘ಇನ್ನೊಂದ್ಸಲ ಹಾಕು.’