ಹಸು ಇರುವ ಫೋಟೋ

ಕೊಡಗಿನ ಬೆಟ್ಟಗಳ ಚಿತ್ರವಿರುವ ಕ್ಯಾಲೆಂಡರ್ ನಿಮ್ಮ ಮನೆಯಲ್ಲೂ ಇರಬಹುದು. ಮಂಜು, ಹಸಿರು ಹುಲ್ಲು, ಮೇಲೆ ಒಂದು ಚೂರು ಆಕಾಶ. ಚೆಂದವೇ. ಆದರೆ ಸ್ವಲ್ಪ ಹುಡುಕಿ ನೋಡಿ ಮಕ್ಕಳೇ, ಅದರಲ್ಲಿ ಒಂದು ಹಸುವಾಗಲಿ, ಅದರ ಹಿಂದೆ ಕೋಲು ಹಿಡಿದ ಒಬ್ಬರಾಗಲಿ ಕಾಣುವುದು ಅಪರೂಪ. ನಾನು ತೆಗೆಯುವ ಫೋಟೋಗಳು ಅಷ್ಟು ಚೆಂದವಿಲ್ಲ. ಆದರೆ ಅವುಗಳಲ್ಲಿ ಹಸುಗಳಿವೆ.

ನಾನು ಕೊಡ್ಲಿಪೇಟೆಯ ಹತ್ತಿರದವನು. ಕೊಡಗಿನ ಉತ್ತರದ ತುದಿ ನಮ್ಮದು, ಇನ್ನೊಂದಿಷ್ಟು ದೂರ ಹೋದರೆ ಹಾಸನ ಜಿಲ್ಲೆ. ತಗ್ಗಿನಲ್ಲಿ ಭತ್ತದ ಗದ್ದೆ, ಏರಿನಲ್ಲಿ ಕಾಫಿ, ಮೆಣಸು. ಇವೆರಡರ ನಡುವೆ ಅಲ್ಲಲ್ಲಿ ಉಳಿದಿರುವ ಹುಲ್ಲಿನ ಇಳಿಜಾರೇ ದನಗಳ ಪಾಲು.

ಹಿಂದಿನವರು ಇದಕ್ಕೆ ಒಂದು ಲೆಕ್ಕ ಇಟ್ಟಿದ್ದರು. ಕೊಡಗಿನಲ್ಲಿ ಗದ್ದೆ ಇದ್ದವರಿಗೆ ಅದರ ಜೊತೆಗೇ 'ಬಾಣೆ' ಎಂಬ ಜಾಗ ಸೇರಿರುತ್ತಿತ್ತು. ದನ ಮೇಯಲು, ಸೌದೆ ತರಲು, ಗೊಬ್ಬರಕ್ಕೆ ಸೊಪ್ಪು ತರಲು ಆ ಜಾಗ. ಅದಕ್ಕೆ ಕಂದಾಯವಿರಲಿಲ್ಲ. ಬಾಣೆಯ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಗದ್ದೆಗೆ, ಗದ್ದೆಯ ಹುಲ್ಲು ಮತ್ತೆ ದನಕ್ಕೆ. ಕಾಫಿ ಬಂದ ಮೇಲೆ ಎಷ್ಟೋ ಬಾಣೆಗಳು ತೋಟವಾದವು. ಇನ್ನು ಊರಿನ ಎಲ್ಲರ ದನಕ್ಕೂ ಸೇರಿದ್ದು ಗೋಮಾಳ. ಕರ್ನಾಟಕದ 1966ರ ಭೂಕಂದಾಯ ನಿಯಮಗಳು 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಮೇವಿನ ಜಾಗ ಇರಬೇಕೆಂದು ಹೇಳುತ್ತವೆ.

ಶಾಲೆಯಿಂದ ನಿವೃತ್ತನಾದ ದಿನ ಹಳೆಯ ವಿದ್ಯಾರ್ಥಿಗಳು ನನಗೆ ಒಂದು ಕ್ಯಾಮೆರಾ ಕೊಟ್ಟರು. ಬೆಳಗಿನ ನಡಿಗೆಗೆ ಹೋಗುವ ದಾರಿಯಲ್ಲೇ ಗೋಮಾಳ. ಅಂಚಿನಲ್ಲಿ ಒಂದು ದೊಡ್ಡ ಬಂಡೆ. ಪ್ರತಿ ತಿಂಗಳ ಮೊದಲ ಭಾನುವಾರ ಅದೇ ಬಂಡೆಯ ಮೇಲೆ ನಿಂತು, ಅದೇ ದಿಕ್ಕಿಗೆ ತಿರುಗಿ ಒಂದು ಫೋಟೋ ತೆಗೆಯುತ್ತ ಬಂದೆ. "ಅಜ್ಜ, ಒಂದೇ ಫೋಟೋ ಎಷ್ಟು ಸಲ ತೆಗೀತೀರಾ?" ಎಂದು ಮೊಮ್ಮಗಳು ನಕ್ಕಿದ್ದೂ ಉಂಟು.

ಎರಡು ವರ್ಷದ 24 ಚಿತ್ರಗಳನ್ನು ಒಮ್ಮೆ ನೆಲದ ಮೇಲೆ ಹರಡಿದೆವು. ಆಗ ಅವಳೇ ಕಂಡುಹಿಡಿದಳು: "ಜನವರಿಯಲ್ಲಿ ಒಂದು ಹಸುವೂ ಇಲ್ಲ. ಜುಲೈಯಲ್ಲಿ ಎಣಿಸೋಕೇ ಆಗಲ್ಲ!"

ಕಾರಣ ಸರಳ. ಜುಲೈ, ಆಗಸ್ಟಿನಲ್ಲಿ ನಾಟಿ. ಆಗ ಗದ್ದೆಗೆ ದನ ಇಳಿಯುವಂತಿಲ್ಲ, ಕಾಫಿ ತೋಟಕ್ಕೆ ಹೊಗುವಂತಿಲ್ಲ. ಗೋಮಾಳ ಒಂದೇ ಗತಿ. ಡಿಸೆಂಬರ್, ಜನವರಿಯಲ್ಲಿ ಕೊಯ್ಲು ಮುಗಿದರೆ ದನಗಳೆಲ್ಲ ಗದ್ದೆಯ ಕೂಳೆ ಮೇಯಲು ಇಳಿಯುತ್ತವೆ. ಮೇಲೆ ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹೊಸಬರು ನೋಡಿದರೆ ಪಾಳು ಬಿದ್ದ ಜಾಗವೆಂದೇ ಅಂದುಕೊಳ್ಳುತ್ತಾರೆ.

ಆದದ್ದೂ ಹಾಗೆಯೇ. ಒಂದು ಗ್ರಾಮಸಭೆಯಲ್ಲಿ "ಆ ಇಳಿಜಾರು ಖಾಲಿ ಬಿದ್ದಿದೆ, ಬೇರೆ ಉಪಯೋಗಕ್ಕೆ ಕೊಡಬಹುದು" ಎಂಬ ಮಾತು ಬಂತು. ಹೇಳಿದವರು ಸುಳ್ಳು ಹೇಳಿರಲಿಲ್ಲ, ಅವರು ನೋಡಿದ್ದು ಜನವರಿಯಲ್ಲಿ. ಮುಂದಿನ ಸಭೆಗೆ ನಾನು ಒಂದು ವರ್ಷದ 12 ಚಿತ್ರಗಳನ್ನು ತಿಂಗಳ ಹೆಸರು ಬರೆದು ಸಾಲಾಗಿ ಗೋಡೆಗೆ ಅಂಟಿಸಿದೆ. ದನ ಕಾಯುವ ಅಕ್ಕ ಒಬ್ಬರು, ಸಭೆಯಲ್ಲಿ ಎಂದೂ ಬಾಯಿ ಬಿಡದವರು, ಎದ್ದು ಬಂದು ಜುಲೈ ಚಿತ್ರದ ಮೇಲೆ ಬೆರಳಿಟ್ಟರು. "ಇದು ನಮ್ಮ ಗೌರಿ. ಪಕ್ಕದಲ್ಲಿ ಕೊಪ್ಪೆ ಹಾಕ್ಕೊಂಡು ನಿಂತಿರೋಳು ನಾನು. ಈ ಜಾಗ ಹೋದ್ರೆ ಮಳೆಗಾಲದಲ್ಲಿ ಇವನ್ನ ಎಲ್ಲಿಗೆ ಹೊಡ್ಕೊಂಡು ಹೋಗ್ಲಿ ಮೇಷ್ಟ್ರೇ?" ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ಮಾತು ಅಲ್ಲಿಗೆ ನಿಂತಿತು. ಗೋಮಾಳ ಸದ್ಯಕ್ಕೆ ಗೋಮಾಳವಾಗಿಯೇ ಇದೆ. ಅಳತೆ ಮಾಡಿಸಿ ಗಡಿಕಲ್ಲು ನೆಡಬೇಕೆಂದು ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಕಲ್ಲು ಇನ್ನೂ ಬಂದಿಲ್ಲ.

ಫೋಟೋದಿಂದ ಜಾಗ ಉಳಿದ ಕಥೆಗಳು ಪ್ರಪಂಚದಲ್ಲಿವೆ. ಅಮೆರಿಕದಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಎಂಬವರು 1861ರಲ್ಲಿ ಭಾರಿ ಗಾತ್ರದ ಕ್ಯಾಮೆರಾ, ಗಾಜಿನ ಫಲಕಗಳನ್ನು ಹೇಸರಗತ್ತೆಗಳ ಮೇಲೆ ಹೊರಿಸಿ ಯೊಸೆಮಿಟಿ ಕಣಿವೆಗೆ ಹೋದರು. ಆ ಚಿತ್ರಗಳು ದೂರದ ಊರಿನವರಿಗೂ ಕಣಿವೆಯನ್ನು ತೋರಿಸಿದವು. 1864ರಲ್ಲಿ ಅಧ್ಯಕ್ಷ ಲಿಂಕನ್ ಅದನ್ನು ಕಾಪಾಡುವ ಕಾಯ್ದೆಗೆ ಸಹಿ ಹಾಕಿದರು. ಆದರೆ ಆ ಕಣಿವೆಯಲ್ಲೇ ತಲೆತಲಾಂತರದಿಂದ ಬಾಳಿದ್ದ ಮೂಲನಿವಾಸಿಗಳನ್ನು 1851ರಲ್ಲೇ ಸೈನಿಕರು ಹೊರಗಟ್ಟಿದ್ದರು. ಬಂಡೆ, ಜಲಪಾತಗಳ ಆ ಚಿತ್ರಗಳನ್ನು ನೋಡಿದವರಿಗೆ ಅದು ಯಾರೂ ಇಲ್ಲದ ಜಾಗದಂತೆ ಕಂಡಿತು.

ನಮ್ಮಲ್ಲೂ ನೋಡಿ. 2008ರಲ್ಲಿ 'ಗಾಳಿಪಟ' ಸಿನಿಮಾ ಬಂದ ಮೇಲೆ ಮಾಂದಲಪಟ್ಟಿಯ ಹುಲ್ಲುಬೆಟ್ಟ 'ಮುಗಿಲುಪೇಟೆ' ಎಂದೇ ಹೆಸರಾಯಿತು. ಈಗ ಅಲ್ಲಿಗೆ ಜೀಪುಗಳ ಸಾಲು. ಚೆಂದದ ಚಿತ್ರ ಜನರನ್ನು ಕರೆಯುತ್ತದೆ, ಜಾಗವನ್ನು ಕಾಯುವ ಕೆಲಸ ಅದೊಂದರಿಂದ ಆಗುವುದಿಲ್ಲ.

ಉಪಗ್ರಹ ಮೇಲಿನಿಂದ ತೆಗೆಯುವ ಚಿತ್ರಗಳ ಕಥೆಯೂ ಇದೇ. ಅವುಗಳನ್ನು ನೋಡಿ ನಮ್ಮ ದೇಶದ 'ಪಾಳುಭೂಮಿ'ಯ ನಕ್ಷೆಪುಸ್ತಕ ಮಾಡಿದ್ದಾರೆ. ಸೊರಗಿದ ಹುಲ್ಲುಗಾವಲು, ಕುರುಚಲು ಭೂಮಿ ಅದರಲ್ಲಿ ಪಾಳುಭೂಮಿಯ ಲೆಕ್ಕಕ್ಕೇ ಸೇರುತ್ತವೆ. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳಿಗೆಂದು ಮೀಸಲಿದ್ದ ಕಾವಲುಗಳೇ ಕರಗುತ್ತ ಬಂದಿವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಕುರಿ, ದನ ಕಾಯುವವರು ಗೋಡೆಯ ಹೊರಗೆ ಉಳಿದರು. ಕಡೂರು ತಾಲ್ಲೂಕಿನ ಬಾಸೂರು ಕಾವಲು ಮಾತ್ರ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅಲ್ಲಿ ಕೃಷ್ಣಮೃಗಗಳಿವೆ.

ಮಕ್ಕಳೇ, ನಿಮ್ಮೂರಿನ ಗೋಮಾಳ ಎಲ್ಲಿದೆ? ಮನೆಯ ಮೊಬೈಲ್ ಸಾಕು. ಒಂದು ಜಾಗ ಗುರುತು ಮಾಡಿಕೊಳ್ಳಿ, ಕಲ್ಲೋ ಮರವೋ. ತಿಂಗಳಿಗೊಮ್ಮೆ ಅಲ್ಲೇ ನಿಂತು ಒಂದೇ ದಿಕ್ಕಿಗೆ ತೆಗೆಯಿರಿ. ತಾರೀಖು ಬರೆಯಿರಿ. ಹಸು, ಕುರಿ, ಸೌದೆ ಹೊರೆ, ಮಳೆಯಲ್ಲಿ ನಿಂತ ಮನುಷ್ಯರು ಚಿತ್ರದಲ್ಲಿ ಇರಲಿ. ಮನುಷ್ಯರನ್ನು ಮಾತ್ರ ಕೇಳಿಯೇ ತೆಗೆಯಬೇಕು.

ಅಜ್ಜ ಅಜ್ಜಿಯಂದಿರಿಗೂ ಒಂದು ಕೆಲಸವಿದೆ. ಆ ಇಳಿಜಾರಿಗೆ, ಹಳ್ಳಕ್ಕೆ, ದನ ನೀರು ಕುಡಿಯುವ ಗುಂಡಿಗೆ ನೀವು ಕರೆಯುತ್ತಿದ್ದ ಹೆಸರುಗಳು ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಮೊಮ್ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಪ್ರತಿ ಫೋಟೋದ ಹಿಂದೆ ಆ ಹೆಸರು ಬರೆಸಿ. ನಾಳೆ ಯಾರಾದರೂ "ಇದು ಖಾಲಿ ಜಾಗ" ಎಂದರೆ ತೋರಿಸಲು ಮಕ್ಕಳ ಕೈಯಲ್ಲಿ ಏನಾದರೂ ಇರಬೇಕಲ್ಲ.