ಮೈನಸ್ 33ರಲ್ಲಿ ಮುದ್ದೆ

ನೀವು ಜನವರಿಯಲ್ಲಿ ಮಿನಿಯಾಪೊಲಿಸ್‌ಗೆ ಬಂದರೆ ವಿಮಾನ ನಿಲ್ದಾಣದ ಬಾಗಿಲು ದಾಟಿದ ಮೊದಲ ಉಸಿರಿಗೇ ಊರಿನ ಪರಿಚಯ ಆಗಿಬಿಡುತ್ತದೆ. ಮೂಗಿನೊಳಗಿನ ಕೂದಲು ಗರಗರ ಅನ್ನುತ್ತದೆ. ಕಣ್ಣಲ್ಲಿ ನೀರು ಬಂದರೆ ರೆಪ್ಪೆ ಅಂಟಿಕೊಳ್ಳುತ್ತದೆ. ಕ್ಯಾಲ್ಗರಿ, ಎಡ್ಮಂಟನ್ ಕಡೆಯವರು ಇದನ್ನು ಓದಿ ನಗಬಹುದು. ದುಬೈ, ಸಿಂಗಪುರದಲ್ಲಿರುವವರಿಗೆ ಹೇಗೆ ಹೇಳಲಿ? ನಿಮ್ಮ ಮನೆಯ ಫ್ರೀಜರ್ ಇರುವುದು ಮೈನಸ್ 18ರ ಹತ್ತಿರ. ಇಲ್ಲಿ ಕೆಲವು ದಿನ ಅದರೊಳಗೆ ಹೋಗಿ ಕೂತರೆ ಬೆಚ್ಚಗಿರುತ್ತದೆ.

ನಾನು ಮಂಡ್ಯದ ಕಡೆಯವನು. ನಾಲೆ, ಕಬ್ಬು, ಕೆರೆ ನೋಡಿ ಬೆಳೆದವನು. ಇಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೆ ‘10,000 ಕೆರೆಗಳು’ ಎಂದು ಬರೆದಿರುವುದನ್ನು ನೋಡಿ ಮೊದಲ ಬೇಸಿಗೆಯಲ್ಲಿ ಖುಷಿಪಟ್ಟಿದ್ದೆ. ಡಿಸೆಂಬರ್ ಬಂದಾಗ ಅದೇ ಕೆರೆಗಳ ಮೇಲೆ ಜನ ನಾಯಿ ಕರೆದುಕೊಂಡು ನಡೆಯುತ್ತಿದ್ದರು. ಮಂಜುಗಡ್ಡೆ ನಾಲ್ಕು ಇಂಚು ಗಟ್ಟಿಯಾದರೆ ನಡೆಯಬಹುದು, ಇನ್ನೂ ದಪ್ಪವಾದರೆ ಕಾರನ್ನೇ ಓಡಿಸುತ್ತಾರೆ, ಗುಡಿಸಲು ಹಾಕಿ ತೂತು ಕೊರೆದು ಮೀನು ಹಿಡಿಯುತ್ತಾರೆ. ನಾನು ಮೊದಲ ಸಲ ಕಾಲಿಟ್ಟಾಗ ಪಕ್ಕದಲ್ಲಿ ಒಂದು ಪಿಕಪ್ ಟ್ರಕ್ ನಿಂತಿತ್ತು. ಆದರೂ ಹೆಜ್ಜೆ ಎಣಿಸಿಕೊಂಡೇ ನಡೆದೆ.

ಇಂಥ ಊರಿನವರಿಗೆ ಹೊಟ್ಟೆ ಬೆಚ್ಚಗಿಡುವ ಅಡುಗೆ ಗೊತ್ತಿಲ್ಲದಿರುತ್ತದೆಯೇ? ನಾವು ಬಾಡಿಗೆ ಮನೆಗೆ ಬಂದ ವಾರವೇ ಎದುರು ಮನೆಯ ಅಜ್ಜಿ ಒಂದು ಗಾಜಿನ ಟ್ರೇ ಹಿಡಿದು ಬಂದರು. ಅದು ‘ಹಾಟ್‌ಡಿಶ್’. ಕೆಳಗೆ ತರಕಾರಿ, ನಡುವೆ ಡಬ್ಬಿಯ ಮಶ್ರೂಮ್ ಸೂಪು, ಮೇಲೆ ಸಾಲಾಗಿ ಜೋಡಿಸಿದ ಆಲೂಗಡ್ಡೆಯ ಟೇಟರ್ ಟಾಟ್ಸ್, ಎಲ್ಲವನ್ನೂ ಅವನ್‌ನಲ್ಲಿ ಬೇಯಿಸಿದ್ದು. ದನದ ಮಾಂಸ ಹಾಕುವುದು ವಾಡಿಕೆ, ನಮಗಾಗಿ ಬಿಟ್ಟಿದ್ದರು. ಆ ಸೂಪಿನ ಡಬ್ಬಿಯನ್ನು ಇಲ್ಲಿಯವರು ತಮಾಷೆಗೆ ‘ಲೂಥರನ್ ಅಂಟು’ ಅನ್ನುತ್ತಾರೆ, ಚರ್ಚಿನ ನೆಲಮಾಳಿಗೆಯ ಊಟಗಳಲ್ಲಿ ಎಲ್ಲವನ್ನೂ ಹಿಡಿದಿಡುವುದು ಅದೇ ಅಂತ. ಖಾರವಿಲ್ಲ, ಹುಳಿಯಿಲ್ಲ. ಆದರೂ ಹಿಮ ತೋಡಿ ಸುಸ್ತಾಗಿ ಒಳಗೆ ಬಂದ ಸಂಜೆ ಅದು ಎಷ್ಟು ಹಿತವಾಗಿತ್ತೆಂದರೆ ಉಪ್ಪಿನಕಾಯಿ ನೆಂಚಿಕೊಂಡು ಅರ್ಧ ಟ್ರೇ ಖಾಲಿ ಮಾಡಿದೆವು.

ಇನ್ನೊಂದು ವೈಲ್ಡ್ ರೈಸ್. ಹೆಸರಿಗೆ ಅಕ್ಕಿ, ನಿಜವಾಗಿ ಬೇರೆಯೇ ಜಾತಿಯ ಹುಲ್ಲಿನ ಕಾಳು. ಕೆರೆಗಳ ಅಂಚಿನಲ್ಲಿ ನೀರೊಳಗೇ ಬೆಳೆಯುತ್ತದೆ. ಈ ನೆಲದ ಮೂಲನಿವಾಸಿ ಒಜಿಬ್ವೆ ಜನ ಅದನ್ನು ‘ಮನೂಮಿನ್’ ಅನ್ನುತ್ತಾರೆ. ಬೇಸಿಗೆಯ ಕೊನೆಯಲ್ಲಿ ದೋಣಿಯಲ್ಲಿ ಕೂತು ತೆನೆಗಳನ್ನು ಕೋಲಿನಿಂದ ಬಾಗಿಸಿ, ಮೆಲ್ಲಗೆ ಬಡಿದು ದೋಣಿಯೊಳಗೇ ಕಾಳು ಉದುರಿಸಿಕೊಂಡು, ಆಮೇಲೆ ಬೆಂಕಿಯ ಮೇಲೆ ಹುರಿಯುತ್ತಾರೆ. 1977ರಿಂದ ಅದು ಮಿನ್ನೆಸೋಟದ ರಾಜ್ಯಧಾನ್ಯ. ಹೀಗೆ ಕೈಯಿಂದ ಕೊಯ್ದು ಹುರಿದದ್ದು ಅರ್ಧ ಗಂಟೆಯೊಳಗೆ ಬೇಯುತ್ತದೆ, ಗದ್ದೆ ಮಾಡಿ ಬೆಳೆಸಿದ ಕಪ್ಪು ಕಾಳಿಗೆ ಒಂದು ಗಂಟೆಯವರೆಗೂ ಬೇಕಾಗುತ್ತದೆ. ಕೊಳ್ಳುವಾಗ ನೋಡಿ. ನಾನು ಅದರಲ್ಲಿ ಬಿಸಿಬೇಳೆ ಬಾತ್ ಮಾಡಿ ನೋಡಿದೆ. ಬೇಳೆ ಒಂದು ದಾರಿ, ಕಾಳು ಒಂದು ದಾರಿ. ಬಿಸಿಬೇಳೆ ಬಾತಿಗೆ ಕರಗುವ ಅಕ್ಕಿ ಬೇಕು, ಇದು ಕರಗುವ ಜಾತಿಯಲ್ಲ. ಸೂಪಿಗೆ ಮಾತ್ರ ಬಲು ಚೆನ್ನ.

ಈಗ ಮನೆಯೊಳಗಿನ ವಿಷಯ ಹೇಳುತ್ತೇನೆ.

ಮಗಳಿಗೆ ಆಗ ಏಳು ವರ್ಷ. ನಾಲ್ಕರವರೆಗೆ ಪಟಪಟ ಕನ್ನಡ ಮಾತಾಡುತ್ತಿದ್ದವಳು ಶಾಲೆಗೆ ಸೇರಿದ ಮೇಲೆ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ನಿಮ್ಮ ಮನೆಯಲ್ಲೂ ಇದೇ ಕಥೆಯಾದರೆ ವಿವರಿಸಬೇಕಾಗಿಲ್ಲ. ನನ್ನ ಹೆಂಡತಿ ಧಾರವಾಡದವಳು, ಹಾಗಾಗಿ ಮನೆಯಲ್ಲಿ ಕನ್ನಡವೇ ಎರಡು. ಭಾನುವಾರದ ಫೋನಿನಲ್ಲಿ ನಮ್ಮವ್ವ “ಹಿಟ್ಟುಂಡ್ಯಾ ಮಗಾ?” ಅಂತ ಕೇಳಿದರೆ ಮಗಳು ನನ್ನ ಕಡೆ ತಿರುಗಿ, ನಾನ್ಯಾಕೆ ಹಿಟ್ಟು ತಿನ್ನಬೇಕು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ನಮ್ಮ ಕಡೆ ಹಿಟ್ಟು ಅಂದರೆ ಮುದ್ದೆ ಎಂದು ಅವಳಿಗೆ ನಾನು ಯಾವತ್ತೂ ಹೇಳಿಯೇ ಇರಲಿಲ್ಲ, ಮಾಡಿ ಬಡಿಸಿಯೂ ಇರಲಿಲ್ಲ. ಬರಬರುತ್ತಾ ಆ ಮಾತುಕತೆ “ಊಟ ಆಯ್ತಾ?”, “ಆಯ್ತು”, “ಬಾಯ್ ಅಜ್ಜಿ” ಇಷ್ಟಕ್ಕೆ ಇಳಿಯಿತು. ಒಂದು ಭಾನುವಾರ ಅವಳನ್ನು ಫೋನಿಗೆ ಕೂಗಿ ಕೂಗಿ ಕರೆಯುತ್ತಿದ್ದಾಗ ಅವ್ವ ಅಂದರು, “ಬುಡಪ್ಪ, ಬಲವಂತ ಮಾಡ್ಬ್ಯಾಡ. ಅದುಕ್ಕೂ ಬ್ಯಾಸ್ರ, ನಂಗೂ ಏನ್ ಮಾತಾಡ್ಬೇಕು ಅಂತ ತಿಳಿಯಾಕಿಲ್ಲ.” ಬೇಜಾರಿಲ್ಲದ ದನಿಯಲ್ಲೇ ಅಂದರು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

2019ರ ಜನವರಿಯ ಕೊನೆಯ ವಾರ ಧ್ರುವದ ಚಳಿಗಾಳಿ ಕೆಳಗಿಳಿದು ಬಂತು. 30ನೇ ತಾರೀಕು ಬೆಳಗ್ಗೆ ಇಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್. ಗಾಳಿ ಸೇರಿದರೆ ಇನ್ನೂ ಕಡಿಮೆ. ಶಾಲೆಗೆ ರಜೆ, ಆ ದಿನ ಅಂಚೆಯೂ ಬರಲಿಲ್ಲ. ಕಿಟಕಿಯ ಒಳಬದಿಯ ಚೌಕಟ್ಟಿಗೇ ಮಂಜು ಕಟ್ಟಿತ್ತು. ಬ್ರೆಡ್ಡು, ಪಾಸ್ತಾ ತಿಂದು ಎರಡು ದಿನ ಕಳೆದಿದ್ದೆವು. ಇಂಥ ಚಳಿಗೆ ಏನು ಬೇಕು ಅಂತ ನಾಲಿಗೆಗೆ ಗೊತ್ತಿತ್ತು: ಬಿಸಿ ಮುದ್ದೆ, ಹಿತಕಿದ ಅವರೆಯ ಸಾರು.

ಅವರೆಕಾಳು ಫ್ರೀಜರಿನಲ್ಲಿತ್ತು. ನಿಮಗೆ ಇಂಡಿಯನ್ ಅಂಗಡಿಯಲ್ಲಿ ‘ಅವರೆ’ ಎಂದು ಕೇಳಿ ಸಿಗದಿದ್ದರೆ ಫ್ರೋಜನ್ ಸಾಲಿನಲ್ಲಿ ‘ಸುರ್ತಿ ಪಾಪ್ಡಿ ಲಿಲ್ವಾ’ ಎಂಬ ಗುಜರಾತಿ ಹೆಸರಿನ ಪ್ಯಾಕೆಟ್ ಹುಡುಕಿ, ಅದು ನಮ್ಮ ಅವರೆಕಾಳೇ. ಸೊಗಡಿನ ಮಾತು ಬಿಡಿ, ಮಂಜು ಬಿದ್ದ ಹೊಲದ ಸೊಗಡು ಪ್ಯಾಕೆಟ್ಟಿಗೆ ಬರುವುದಿಲ್ಲ. ಬೆಚ್ಚಗಿನ ನೀರಲ್ಲಿ ನೆನೆಸಿ ಹಿತಕಲು ಮಗಳನ್ನು ಕೂರಿಸಿದೆ. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಚಿಮ್ಮಿ ಗೋಡೆಗೆ! ಒಂದು ಗಂಟೆ ಅಲುಗಾಡಲಿಲ್ಲ. ‘ಹಿತಕು’ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಎಂದು ಕೇಳಿದಳು. ಸ್ಕ್ವೀಜ್ ಅಂದೆ. ಅವಳೇ ತಲೆಯಾಡಿಸಿದಳು, ಅಲ್ಲ, ಅದು ಬೇರೆ.

ಹಿಂದಿನ ದಿನ ನಾನೊಬ್ಬನೇ ಮಾಡಿದ ಮುದ್ದೆ ಗಂಟುಗಂಟಾಗಿ ಕಸದ ಡಬ್ಬಿ ಸೇರಿತ್ತು. ಊರಲ್ಲಿ ಅವ್ವ ಪಾತ್ರೆಯನ್ನು ನೆಲಕ್ಕಿಳಿಸಿ, ಕಾಲಿನಲ್ಲಿ ಒತ್ತಿಹಿಡಿದು ಎರಡು ಕೈಯಲ್ಲಿ ತೊಳಸುತ್ತಿದ್ದರು. ಇಲ್ಲಿನ ಒಲೆಯ ಗಾಜು ನುಣುಪು, ಕೋಲು ತಿರುಗಿಸಿದರೆ ಪಾತ್ರೆಯೂ ಜೊತೆಗೇ ತಿರುಗುತ್ತದೆ. ಕೋಲಾದರೂ ಎಲ್ಲಿ? ಇದ್ದದ್ದು ಚಪಾತಿ ಲಟ್ಟಣಿಗೆ. ಸಂಜೆ ಏಳೂವರೆಗೆ, ಅಂದರೆ ಮಂಡ್ಯದ ಬೆಳಗ್ಗೆ ಏಳಕ್ಕೆ, ಅವ್ವನಿಗೆ ವಿಡಿಯೊ ಕರೆ ಮಾಡಿದೆ. ಹೆಂಡತಿ ದಪ್ಪ ಬಟ್ಟೆಯಲ್ಲಿ ಪಾತ್ರೆ ಹಿಡಿದಳು, ಮಗಳು ಫೋನು ಹಿಡಿದಳು. ಆಗಷ್ಟೇ ಸಾರಿಗೆ ಒಗ್ಗರಣೆ ಹಾಕಿದ್ದರಿಂದ ಸ್ಮೋಕ್ ಅಲಾರಂ ಹೊಡೆದುಕೊಳ್ಳದಂತೆ ಒಲೆ ಮೇಲಿನ ಫ್ಯಾನ್ ಜೋರಾಗಿ ಓಡುತ್ತಿತ್ತು, ಆ ಚಳಿಯಲ್ಲಿ ಕಿಟಕಿ ತೆಗೆಯುವ ಹಾಗಿರಲಿಲ್ಲವಲ್ಲ. ಅವ್ವ ಹೇಳುವುದು ನನಗೆ ಒಂದಕ್ಷರ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದದ್ದು ಫೋನು ಹಿಡಿದವಳಿಗೆ ಮಾತ್ರ.

ಮೂರು ಲೋಟ ನೀರು, ಉಪ್ಪು, ಒಂದು ಚಮಚ ರಾಗಿಹಿಟ್ಟನ್ನು ಮೊದಲೇ ಕದಡಿ ಕುದಿಸಿದ್ದೆ. ಒಂದೂವರೆ ಲೋಟ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದೆ. ಕೈ ತಾನಾಗೇ ಲಟ್ಟಣಿಗೆಗೆ ಹೋಯಿತು.

“ಅಪ್ಪಾ, ತಿರುವ್ಬ್ಯಾಡ!”

ಹೌದು, ಹಾಗೇ ಅಂದಳು. ಅಪ್ಪಟ ಮಂಡ್ಯ. ಹೆಂಡತಿ ಪಾತ್ರೆ ಬಿಟ್ಟು ನಗತೊಡಗಿದಳು, “ಇದು ನಮ್ಮ ಕಡೆ ಮಾತಲ್ಲ ಬಿಡ್ರಿ.”

“ನಡುವೆ ತೂತು ಮಾಡ್ಬೇಕಂತೆ. ಮುಚ್ಚಬೇಕಂತೆ. ಸುಮ್ಕಿರ್ಬೇಕಂತೆ.” ಐದಾರು ನಿಮಿಷ ಸಣ್ಣ ಉರಿಯಲ್ಲಿ ಸುಮ್ಮನಿದ್ದೆವು. ಆ ಹೊತ್ತಿನಲ್ಲಿ ಅಜ್ಜಿ ಮೊಮ್ಮಗಳಿಗೆ ಮಾತಾಡಲು ವಿಷಯ ಸಿಕ್ಕಿತ್ತು. ಬೆಳಗ್ಗೆ ನಾನು ಹಿತ್ತಲಿನಲ್ಲಿ ಕುದಿಯುವ ನೀರು ಎರಚಿ ತೋರಿಸಿದ್ದೆ. (ಗಾಳಿಗೆ ಬೆನ್ನು ಕೊಟ್ಟು, ಮಕ್ಕಳನ್ನು ದೂರ ನಿಲ್ಲಿಸಿ ಮಾಡಿ. ಎಷ್ಟೋ ಜನ ಕೈ ಸುಟ್ಟುಕೊಂಡಿದ್ದಾರೆ.) ಅದನ್ನು ವಿವರಿಸುತ್ತಿದ್ದಳು: “ನೀರು ಕೆಳಗೆ ಬೀಳಲ್ಲ ಅಜ್ಜಿ, ಹೊಗೆ ಆಗ್ಬಿಡುತ್ತೆ.”

“ಹೊಗೆ ಅಲ್ಲ ಕಣವ್ವ, ಹಬೆ. ಸೌದೆಯಿಂದ ಬರೋದು ಹೊಗೆ, ನೀರಿಂದ ಬರೋದು ಹಬೆ.”

ಮಗಳು ಮುಚ್ಚಳ ಸ್ವಲ್ಪ ಸರಿಸಿ ನೋಡಿದಳು. “ಇದು ಹಬೆನಾ?”

“ಅದೇ. ಮುಚ್ಚು ಮುಚ್ಚು.”

ಆಮೇಲೆ ಒಲೆ ಆರಿಸಿ ತೊಳಸಿದ್ದು, ಒದ್ದೆ ಬೆರಳಿನಲ್ಲಿ ಮುಟ್ಟಿ ಅಂಟದಿದ್ದರೆ ಬೆಂದಿದೆ ಎಂದು ತಿಳಿದದ್ದು, ತಟ್ಟೆಗೆ ನೀರು ಸವರಿ ಉಂಡೆ ಕಟ್ಟಿದ್ದು, ಎಲ್ಲ ಅವಳ ಬಾಯಿಂದಲೇ ಬಂದ ಅಪ್ಪಣೆಗಳು. ಒಂದೆರಡು ಗಂಟು ಉಳಿದಿತ್ತು. ಅಗಿಯಬಾರದು, ಸಾರಲ್ಲಿ ಅದ್ದಿ ನುಂಗಬೇಕು ಅಂದಾಗ ನಂಬಲಿಲ್ಲ. ಹಲ್ಲು ಯಾಕಿದೆ ಹಾಗಾದರೆ ಎಂದು ಅಜ್ಜಿಯನ್ನೇ ಕೇಳಿದಳು. ಅವ್ವ ನಕ್ಕ ನಗು ಫ್ಯಾನಿನ ಸದ್ದಿನಲ್ಲೂ ನನಗೆ ಕೇಳಿಸಿತು.

ಇದರಿಂದ ಎಲ್ಲ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಮರುದಿನವೂ ನನಗೆ ಇಂಗ್ಲಿಷಿನಲ್ಲೇ ಉತ್ತರ. ಈಗ ಹೈಸ್ಕೂಲು ಮುಟ್ಟಿದ್ದಾಳೆ, ಶಾಲೆಯ ಸುದ್ದಿ, ಗೆಳತಿಯರ ಜಗಳ ಎಲ್ಲ ಇಂಗ್ಲಿಷೇ. ಆದರೆ ಆ ಚಳಿಗಾಲ ಪೂರ್ತಿ ವಾರಕ್ಕೊಮ್ಮೆ ಮುದ್ದೆಯಾಯಿತು, ಪ್ರತಿ ಸಲ ಫೋನು ಹಿಡಿಯುವ ಕೆಲಸ ಅವಳದೇ. ನನಗೆ ಮೂರನೇ ವಾರಕ್ಕೇ ಹದ ಸಿಕ್ಕಿತ್ತು. ಸಿಕ್ಕಿಲ್ಲವೆಂದು ನಟಿಸಿದೆ. ಇದೊಂದು ಮೋಸ ನೀವೂ ಮಾಡಬಹುದು.

2022ರ ಜೂನ್‌ನಲ್ಲಿ ಅವ್ವ ಬಂದರು. ಸೂಟ್‌ಕೇಸಿನಲ್ಲಿ ಹಳೇ ಸೀರೆ ಸುತ್ತಿದ ಮುದ್ದೆಕೋಲು. ಸಂಜೆ ಕೆರೆ ದಂಡೆಗೆ ಕರೆದುಕೊಂಡು ಹೋದೆವು. ಬಾತುಕೋಳಿಗಳು, ದೋಣಿಗಳು, ಬೆವರು ಬರುವ ಬಿಸಿಲು. ಇದರ ಮೇಲೆ ಕಾರು ಓಡಿಸ್ತಾರೆ ಎಂದು ಮಗಳು ಹೇಳಿದರೆ ಅವ್ವ ನನ್ನ ಮುಖ ನೋಡಿದರು, ಮಗು ಸುಳ್ಳು ಹೇಳುವುದನ್ನು ಎಲ್ಲಿ ಕಲಿಯಿತು ಎಂಬಂತೆ. ಅವಳು ಬಿಡಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ನೀರು ಮೊದಲು ಅಂಚಿನಲ್ಲಿ ಹೇಗೆ ಹೆಪ್ಪುಗಟ್ಟುತ್ತದೆ, ಆಮೇಲೆ ನಡುವೆ ಹೇಗೆ ಎಂದು ಕೈಯಾಡಿಸಿ ಹೇಳುತ್ತಲೇ ಇದ್ದಳು. ಪದ ಸಿಗದ ಕಡೆ ನಿಲ್ಲುತ್ತಿದ್ದಳು. ಅವ್ವ ಒಂದು ಪದ ಕೊಡುತ್ತಿದ್ದರು, ಅದು ಅಲ್ಲ ಅಂದರೆ ಇನ್ನೊಂದು.

ಈ ವಾರ ಮತ್ತೆ ಮೈನಸ್ 20ರ ಮುನ್ಸೂಚನೆ ಇದೆ. ಕೋಲು ಒಲೆ ಪಕ್ಕದ ಮೊಳೆಯಲ್ಲಿದೆ. ಅವರೆ ನೆನೆಹಾಕಿದ್ದೇನೆ.